ಸೋರಿಕೆ ಪರೀಕ್ಷೆ ಬರೆದವರು ಯಾರು?

ಡಾಕ್ಯುಮೆಂಟ್ ಕಂಟ್ರೋಲ್ ಕೆಲಸಕ್ಕೆ ಸೇರುವ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಮಾಡುವುದೇನೆಂದು ನಿಮ್ಮ ಮನೆಯವರಿಗೆ ಕೊನೆಯವರೆಗೂ ಅರ್ಥವಾಗುವುದಿಲ್ಲ. ನಮ್ಮ ಯಜಮಾನರು ನಾನು ರಿಟೈರ್ ಆಗುವ ದಿನದವರೆಗೂ ನೆಂಟರಿಗೆಲ್ಲ "ಶಾಹಿದಾ ಫೈಲಿಂಗ್ ಮಾಡ್ತಾಳೆ" ಎಂದೇ ಹೇಳಿಕೊಂಡು ಬಂದರು. ಫೈಲಿಂಗ್ ಅಂತೆ! ನನ್ನ ಸೀಲು ಬೀಳದೆ ಆ ಕಟ್ಟಡದಲ್ಲಿ ಒಂದು ಸ್ಕ್ರೂ ತಿರುಗುತ್ತಿರಲಿಲ್ಲ.

ನಮ್ಮ ಕಂಪನಿ ಇದ್ದದ್ದು ಅಮೆರಿಕದ ಪ್ಲೆಸೆಂಟನ್ ಎಂಬ ಊರಿನ ಒಂದು ಆಫೀಸ್ ಪಾರ್ಕಿನಲ್ಲಿ. ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಅಳೆದು ಅಳೆದು ಬಿಡುವ ಪಂಪು ಅಲ್ಲಿ ತಯಾರಾಗುತ್ತಿತ್ತು. ಅದನ್ನು ಹೇಗೆ ಜೋಡಿಸಬೇಕು, ಹೇಗೆ ಪರೀಕ್ಷಿಸಬೇಕು ಎನ್ನುವುದಕ್ಕೆಲ್ಲ ಬರೆದಿಟ್ಟ ಕ್ರಮವಿರುತ್ತದೆ. ಅದಕ್ಕೆ ಪ್ರೊಸೀಜರ್ ಎನ್ನುತ್ತಾರೆ. ಪ್ರತಿ ಪ್ರೊಸೀಜರಿಗೂ ಒಂದು ನಂಬರು, ಬರೆದವರ ಹೆಸರು, ಒಪ್ಪಿದವರ ಸಹಿ. ಒಂದು ಪದ ಬದಲಾದರೂ ಹಳೆಯದನ್ನು ಹುಡುಕಿ ಕಿತ್ತು, ಹೊಸದಕ್ಕೆ ಕೆಂಪು ಸೀಲು ಒತ್ತಿ ಇಡುವವಳು ನಾನು. ಮೈಸೂರಿನಲ್ಲಿ ಹಿಸ್ಟರಿ ಬಿ.ಎ. ಮಾಡಿದವಳಿಗೆ ಹೇಳಿ ಮಾಡಿಸಿದ ಕೆಲಸ. ಯಾರು, ಯಾವಾಗ, ಏನು ಮಾಡಿದರು, ಅಷ್ಟೇ. ಪಂಪನ್ನು ಮಾತ್ರ ನಾನು ಒಂದು ದಿನವೂ ಕೈಯಲ್ಲಿ ಮುಟ್ಟಿದವಳಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಬಡ್ತಿ ಗಿಡ್ತಿ ಕಥೆ ಬಿಟ್ಟುಬಿಡುತ್ತೇನೆ, ಅದು ಕೇಳುವವರಿಗೂ ಬೇಜಾರು, ಹೇಳುವವರಿಗೂ ಬೇಜಾರು. ನಾನು ಹೇಳಬೇಕಾದದ್ದು ನನ್ನ ದೊಡ್ಡ ತಪ್ಪು, ಮತ್ತು ಅದನ್ನು ತಿದ್ದಲು ಹೋದ ಒಂದು ಫೆಬ್ರವರಿಯ ಅವಾಂತರ.

ಪಂಪುಗಳನ್ನು ಪರೀಕ್ಷಿಸುವ ಬೆಂಚಿನಲ್ಲಿ ಬರ್ನಿಸ್ ಎಂಬವರಿದ್ದರು. ಓಕ್ಲ್ಯಾಂಡಿನಿಂದ ಬರುತ್ತಿದ್ದ ಹೆಂಗಸು. ಎಲ್ಲರೂ ಅವರನ್ನು "ಮಿಸ್ ಬರ್ನಿಸ್" ಎಂದು ಕರೆಯುತ್ತಿದ್ದರು. ನಾವು ಅಕ್ಕ ಎನ್ನುತ್ತೇವಲ್ಲ, ಅಂಥದೇ ಮರ್ಯಾದೆ. ಅವರು ಮಾತ್ರ ಎಲ್ಲರನ್ನೂ "ಬೇಬಿ" ಎನ್ನುತ್ತಿದ್ದರು, ಕಂಪನಿಯ ಅಧ್ಯಕ್ಷರನ್ನೂ ಬಿಡುತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಕಪ್ಪು ಜನಾಂಗದವರು ಅವರೊಬ್ಬರೇ. ಪಂಪಿಗೆ ಒತ್ತಡ ಕೊಟ್ಟು, ಸೋರುತ್ತದೋ ಇಲ್ಲವೋ ಎಂದು ಕಾದು ನೋಡುವ ಪರೀಕ್ಷೆಯನ್ನು ಕಂಡುಹಿಡಿದವರೇ ಅವರು. ಕೈಯಲ್ಲಿ ಬರೆದು, ಇಂಜಿನಿಯರುಗಳ ಜೊತೆ ಜಗಳವಾಡಿ ಒಪ್ಪಿಸಿದ್ದರು. ಅದರ ಮೊದಲ ಪುಟದಲ್ಲಿ "ಬರೆದವರು" ಎಂಬ ಚೌಕದಲ್ಲಿ ಅವರ ಹೆಸರಿತ್ತು.

ಇತ್ತು ಎಂದೆ. ಅದನ್ನು ತೆಗೆದವಳು ನಾನು.

ಕಾಗದವೆಲ್ಲ ಹೋಗಿ ಕಂಪ್ಯೂಟರಿಗೆ ಬಂದ ವರ್ಷ ಅದು. ಪ್ರತಿ ಹಳೆಯ ಪ್ರೊಸೀಜರಿಗೂ ಬರೆದವರ ಐಡಿ ನಂಬರು ಹಾಕಬೇಕಿತ್ತು. ಒಬ್ಬೊಬ್ಬರದನ್ನು ಹುಡುಕಲು ಕಾಲು ಗಂಟೆ. ಕ್ವಾಲಿಟಿ ವಿಭಾಗದ ಮುಖ್ಯಸ್ಥ ಗ್ರೆಗ್, ಅಂದರೆ ನನ್ನ ಬಾಸು, ಶುಕ್ರವಾರದೊಳಗೆ ಮುಗಿಸು ಎಂದು ತಲೆಯ ಮೇಲೆ ಕುಳಿತಿದ್ದ. ಪರದೆಯ ಮೂಲೆಯಲ್ಲಿ "ಎಲ್ಲದಕ್ಕೂ ಅನ್ವಯಿಸು" ಎಂಬ ಬಟನ್ ಕಂಡಿತು. ಸದ್ಯಕ್ಕೆ ಇರಲಿ, ಆಮೇಲೆ ಸರಿಮಾಡೋಣ ಎಂದು ನನ್ನದೇ ಐಡಿ ಹಾಕಿ ಒತ್ತಿಬಿಟ್ಟೆ. ಮೈಸೂರಿನ ಹಿಸ್ಟರಿ ಬಿ.ಎ. ಒಂದೇ ಏಟಿಗೆ ಆ ಕಂಪನಿಯ ಅಷ್ಟೂ ತಾಂತ್ರಿಕ ಗ್ರಂಥಗಳ ಕರ್ತೃವಾದಳು! ಗ್ರೆಗ್ ನನ್ನ ವೇಗವನ್ನು ಮೆಚ್ಚಿ ಎಲ್ಲರಿಗೂ ಇಮೇಲ್ ಕಳಿಸಿದ.

ಒಂದು ತಿಂಗಳಿಗೆ ಬರ್ನಿಸ್ ನನ್ನ ಟೇಬಲ್ಲಿಗೆ ಬಂದರು. "ಬೇಬಿ, ಲೀಕ್ ಟೆಸ್ಟ್ ನೀನು ಯಾವಾಗ ಬರೆದೆ?"

ನಾನು ನಕ್ಕುಬಿಟ್ಟೆ. "ಅಯ್ಯೋ, ಅದು ಕಂಪ್ಯೂಟರ್ ಕಿತಾಪತಿ. ಮುಂದಿನ ವಾರ ಸರಿಮಾಡ್ತೀನಿ."

ಆದರೆ ಹೆಸರು ಬದಲಿಸಲು ಸಹಿ ಇರುವ ಮೂಲ ಕಾಗದ ಬೇಕು, ಗ್ರೆಗ್‌ನ ಒಪ್ಪಿಗೆ ಬೇಕು. ಕಾಗದ ಸಿಗಲಿಲ್ಲ. "ಪರೀಕ್ಷೆ ನಡೀತಿದೆಯಲ್ಲ, ಹೆಸರಲ್ಲೇನಿದೆ?" ಎಂದ ಗ್ರೆಗ್. ಬರ್ನಿಸ್ ಬಿಡಲಿಲ್ಲ, ಪ್ರತಿ ತಿಂಗಳ ಮೊದಲ ಸೋಮವಾರ ಬಂದು ನಿಲ್ಲುತ್ತಿದ್ದರು. ಕೂಗಾಡಿದವರಲ್ಲ. "ಆಯ್ತಾ?" ಎನ್ನುವರು, "ಮುಂದಿನ ವಾರ" ಎನ್ನುವೆ. ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿಡುತ್ತಿದ್ದರಲ್ಲ, ನಾನು ಬರೆದಿರಲಿಲ್ಲ, ಅಷ್ಟೇ ವ್ಯತ್ಯಾಸ. ಹೀಗೆ ವರ್ಷಗಳೇ ಕಳೆದವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಆಮೇಲೆ ಒಂದು ಜನವರಿಯಲ್ಲಿ ಬರ್ನಿಸ್ ನಿವೃತ್ತಿಯ ಚೀಟಿ ಕೊಟ್ಟರು. ಫೆಬ್ರವರಿಯ ಕೊನೆಯ ಶುಕ್ರವಾರ ಅವರ ಕಡೆಯ ದಿನ. ನಮ್ಮ ಸಿಸ್ಟಮ್ಮಿಗೆ ಒಂದು ನಿಯಮವಿದೆ, ಕೆಲಸದಲ್ಲಿರುವವರ ಹೆಸರನ್ನು ಮಾತ್ರ ಅದು ಹೊಸದಾಗಿ ಒಪ್ಪುತ್ತದೆ. ಶುಕ್ರವಾರ ಸಂಜೆ ಐದಕ್ಕೆ ಅವರ ಐಡಿ ಸಾಯುತ್ತದೆ. ಆಮೇಲೆ ಯಾರು ತಿಪ್ಪರಲಾಗ ಹಾಕಿದರೂ ಆ ಚೌಕದಲ್ಲಿ ಬರ್ನಿಸ್ ಹೆಸರು ಕೂರುವುದಿಲ್ಲ.

ಅದಕ್ಕೆ ಸರಿಯಾಗಿ ಫೆಬ್ರವರಿ ಬಂತು. ಅಮೆರಿಕದಲ್ಲಿ ಫೆಬ್ರವರಿ ಎಂದರೆ ಕಪ್ಪು ಜನರ ಇತಿಹಾಸವನ್ನೂ ಸಂಸ್ಕೃತಿಯನ್ನೂ ಕೊಂಡಾಡುವ ತಿಂಗಳು. ಒಳ್ಳೆಯದೇ. ಆದರೆ ನಮ್ಮಲ್ಲಿ ನವೆಂಬರ್ ಕನ್ನಡಿಗರಿರುವ ಹಾಗೆ ಇಲ್ಲಿ ಫೆಬ್ರವರಿ ಅಭಿಮಾನಿಗಳಿದ್ದಾರೆ. ನಮ್ಮ ಎಚ್.ಆರ್. ಹುಡುಗ ಟೈಲರ್ ಅಂಥವನು. ತುಂಬಾ ಒಳ್ಳೆಯವನು, ಒಂದು ಇರುವೆಗೂ ನೋವು ಮಾಡುವವನಲ್ಲ, ಒಂದು ಕೆಲಸವನ್ನೂ ನೆಟ್ಟಗೆ ಮಾಡುವವನಲ್ಲ. ಅವನು ಸಮಿತಿ ಮಾಡಿದ. ಸಮಿತಿಯಲ್ಲಿ ಮೂವರು: ಅವನು, ನಾನು, ಮತ್ತೆ ಬೆಂಗಳೂರಿನ ಜಯನಗರದಿಂದ ಬಂದ ಸುಧೀಂದ್ರ ಎಂಬ ಇಂಜಿನಿಯರು. ಸುಧೀಂದ್ರ ಈ ಕಡೆಯ ಕನ್ನಡ ಕೂಟದಲ್ಲಿ ಹದಿನಾರು ವರ್ಷ ಕಾರ್ಯದರ್ಶಿಯಾಗಿದ್ದವರು, ಮೈಕ್ ಕಂಡರೆ ಸಾಕು, ಸ್ವಾಗತ ಭಾಷಣ ಶುರು.

"ನಾವ್ಯಾಕೆ?" ಎಂದೆ ನಾನು.

"ನೀವಿಬ್ಬರೂ ವೈವಿಧ್ಯ," ಎಂದ ಟೈಲರ್.

ಬರ್ನಿಸ್ ಅವರನ್ನು ಸೇರಿಸಿಕೊಳ್ಳಲು ಮೂವರೂ ಮೆರವಣಿಗೆಯಲ್ಲಿ ಬೆಂಚಿಗೆ ಹೋದೆವು. ಅವರು ಪಂಪಿನಿಂದ ಕಣ್ಣು ತೆಗೆಯಲಿಲ್ಲ. "ಫೆಬ್ರವರಿ ಬಂದರೆ ಎಲ್ಲರಿಗೂ ನನ್ನ ಮಾತು ಕೇಳಬೇಕು. ಮಾರ್ಚಿನಲ್ಲಿ ನಾನು ಎಲ್ಲಿ ಕೂರ್ತೀನಿ ಅಂತಲೂ ಗೊತ್ತಿರೋದಿಲ್ಲ. ನನಗೆ ಕೆಲಸ ಇದೆ ಬೇಬಿ."

"ಹಾಗಲ್ಲ ಮಿಸ್ ಬರ್ನಿಸ್, ನಿಮಗೇ ಸನ್ಮಾನ!" ಎಂದರು ಸುಧೀಂದ್ರ. "ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟಾನ ನಾನೇ ಇಂಡಿಯಾದಿಂದ ತಂದಿಟ್ಟಿದೀನಿ."

"ನನಗೆ ಶಾಲು ಬೇಡ. ಇವಳಿಗೆ ಗೊತ್ತು ನನಗೇನು ಬೇಕು ಅಂತ," ಎಂದು ಬರ್ನಿಸ್ ನನ್ನತ್ತ ತಿರುಗಿದರು. "ಕೊನೆಯ ಶುಕ್ರವಾರ, ಐದು ಗಂಟೆಯೊಳಗೆ."

ಹೊರಗೆ ಬಂದ ಮೇಲೆ ಸುಧೀಂದ್ರ ಕೇಳಿದರು, "ಏನ್ ಮೇಡಂ, ಏನ್ ಬೇಕಂತೆ?"

"ಏನೋ ಪೇಪರು," ಎಂದೆ. ತೋಬಾ, ಅಷ್ಟೇ ಅಂದೆ.

ಸನ್ಮಾನಿತರು ಒಪ್ಪದಿದ್ದರೆ ಸಮಾರಂಭ ನಿಲ್ಲುತ್ತದೆಯೇ? ಕನ್ನಡಿಗರನ್ನು ಕೇಳಿ ನೋಡಿ. ಸುಧೀಂದ್ರ ಆಹ್ವಾನ ಪತ್ರಿಕೆ ಬರೆದೇ ಬಿಟ್ಟರು: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಮುಖ್ಯ ಅತಿಥಿ ಯಾರೆಂಬ ಜಾಗ ಖಾಲಿ. ಟೈಲರ್ ಆ ಪತ್ರಿಕೆಯನ್ನು ನನಗೆ ಕಳಿಸಿದ, ನಾನು ಅಭ್ಯಾಸಬಲದಿಂದ ಅದಕ್ಕೂ ಒಂದು ಡಾಕ್ಯುಮೆಂಟ್ ನಂಬರು ಕೊಟ್ಟು ಕೆಂಪು ಸೀಲು ಒತ್ತಿದೆ. ಸೀಲು ಬಿದ್ದಮೇಲೆ ನಮ್ಮ ಕಂಪನಿಯಲ್ಲಿ ಅದು ಶಾಸನ. ಒಂದು ಸಾಲು ಬಿಡಬೇಕಾದರೂ ಗ್ರೆಗ್‌ನ ಸಹಿ ಬೇಕು.

"ಒಳಗೆ ದೀಪ ಹಚ್ಚಬಹುದಾ?" ಎಂದು ನಾನು ಕೇಳಿದೆ.

"ದೀಪ ಇಲ್ದೆ ಯಾವ್ ಫಂಕ್ಷನ್ ರೀ? ಅದೂ ಅಲ್ದೆ ಡಾಕ್ಯುಮೆಂಟಲ್ಲಿ ಇದೆಯಲ್ಲ," ಎಂದರು ಸುಧೀಂದ್ರ.

ಕಾರ್ಯಕ್ರಮ ಕೊನೆಯ ವಾರದ ಬುಧವಾರ ಮಧ್ಯಾಹ್ನ. ಊಟಕ್ಕೆ ಎಲ್ಲರೂ ಒಂದೊಂದು ಅಡುಗೆ ತರಬೇಕಿತ್ತು. ಸುಧೀಂದ್ರ ಅವರ ಹೆಂಡತಿ ಅಲಸಂದೆ ಕಾಳಿನ ಉಸಲಿ ಮಾಡಿ ಕಳಿಸಿದ್ದರು. ಬರ್ನಿಸ್ ತಟ್ಟೆ ತುಂಬಲು ಮಾತ್ರ ಬಂದವರು ಅದನ್ನು ಕಂಡು ನಿಂತರು. "ಇದು ನಮ್ಮ ಕಾಳು. ನಮ್ಮಜ್ಜಿ ಹೊಸ ವರ್ಷದ ದಿನ ಇದನ್ನ ತಿನ್ನದೆ ಹೊರಗೆ ಕಾಲಿಡೋಕೆ ಬಿಡ್ತಿರಲಿಲ್ಲ." ಸುಧೀಂದ್ರ ಅದು ನಮ್ಮದು ಎಂದರು. ಒಗ್ಗರಣೆ ನಿಮ್ಮದು, ಕಾಳು ನಮ್ಮದು, ಆಫ್ರಿಕಾದಿಂದ ಬಂದದ್ದು ಎಂದರು ಬರ್ನಿಸ್. ಆ ತಿಂಗಳಿಡೀ ಆ ಕಟ್ಟಡದಲ್ಲಿ ಕಪ್ಪು ಜನರ ಚರಿತ್ರೆಯ ಬಗ್ಗೆ ನಡೆದ ನಿಜವಾದ ಮಾತುಕತೆ ಎಂದರೆ ಅದೊಂದೇ. ಅವರು ಎರಡು ಸಲ ಬಡಿಸಿಕೊಂಡರು.

ಅಷ್ಟರಲ್ಲಿ ಸುಧೀಂದ್ರ ತಮ್ಮ ಐದು ಬತ್ತಿಯ ಹಿತ್ತಾಳೆ ದೀಪಕ್ಕೆ ಧಾರಾಳವಾಗಿ ಎಣ್ಣೆ ಸುರಿದು ಹಚ್ಚಿದರು. ಸರಿಯಾಗಿ ಹೊಗೆ ಪತ್ತೆಯಂತ್ರದ ಕೆಳಗೆ. ಅಲಾರಂ ಹೊಡೆದುಕೊಂಡಿತು. ಎಲ್ಲರೂ ತಟ್ಟೆ ಹಿಡಿದುಕೊಂಡೇ, ಸುಧೀಂದ್ರ ಸನ್ಮಾನದ ಸಾಮಾನನ್ನೆಲ್ಲ ಹೊತ್ತುಕೊಂಡೇ, ಪಾರ್ಕಿಂಗ್ ಲಾಟಿಗೆ ಓಡಿದೆವು. ಇಂಥ ಹೊತ್ತಿನಲ್ಲಿ ಯಾರೂ ಒಳಗೆ ಉಳಿದಿಲ್ಲವೆಂದು ಹೆಸರು ಕೂಗಿ ಗುರುತು ಹಾಕಿಕೊಳ್ಳುವ ಜವಾಬ್ದಾರಿ ಬರ್ನಿಸ್ ಅವರದು. ಅವರು ಪಟ್ಟಿ ಹಿಡಿದು ನಿಂತು ತಮ್ಮ ಕೆಲಸ ಶುರುಮಾಡಿದರು.

ಬೆಂಕಿ ಆರಿಸುವ ಗಾಡಿ ಬಂತು. ಅದರಿಂದ ಇಳಿದ ಕ್ಯಾಪ್ಟನ್ ಆರಡಿ ಮೀರಿದ ಕಪ್ಪು ಮನುಷ್ಯ. ಸುಧೀಂದ್ರ ನನ್ನ ಕೈ ಹಿಡಿದು ಅಲ್ಲಾಡಿಸಿದರು. "ಮೇಡಂ, ದೇವರೇ ಕಳ್ಸಿದಾನೆ ರೀ! ಮುಖ್ಯ ಅತಿಥಿ!"

"ರೀ ಸುಧೀಂದ್ರ, ಬೇಡ," ಎನ್ನುವಷ್ಟರಲ್ಲಿ ಶಾಲು ಆ ಪುಣ್ಯಾತ್ಮನ ಹೆಗಲ ಮೇಲಿತ್ತು.

"ಬೆಂಕಿ ಎಲ್ಲಿ?" ಎಂದ ಕ್ಯಾಪ್ಟನ್.

"ಆರಿಸಾಯ್ತು ಸರ್, ನಿಮ್ಮ ಭಾಷಣ ಒಂದು ಬಾಕಿ," ಎಂದು ಸುಧೀಂದ್ರ ಅವನ ಹೆಲ್ಮೆಟ್ ಇಳಿಸಿ ಮೈಸೂರು ಪೇಟ ಇಟ್ಟರು. ಕ್ಯಾಪ್ಟನ್ ಹಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮೆಲ್ಲರನ್ನೂ ಒಮ್ಮೆ ನೋಡಿದ. ಆಮೇಲೆ ಬರ್ನಿಸ್ ಅವರನ್ನು ನೋಡಿದ. "ಅಮ್ಮಾ, ಇದೆಲ್ಲ ಏನು?"

"ಫೆಬ್ರವರಿ," ಎಂದರು ಬರ್ನಿಸ್, ಪಟ್ಟಿಯಿಂದ ತಲೆಯೆತ್ತದೆ.

ಅವನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ, ಕಟ್ಟಡದೊಳಗೆ ದೀಪ ಹಚ್ಚಬಾರದೆಂಬ ಬಗ್ಗೆ ಪೇಟ ಧರಿಸಿಕೊಂಡೇ ಎರಡು ನಿಮಿಷ ಮಾತಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಏಕೆಂದರೆ ಟೈಲರ್ ಮೆಗಾಫೋನ್ ತೆಗೆದುಕೊಂಡ. ಈ ಸಲದಿಂದ ಒಂದು ಹೊಸ ಪ್ರಶಸ್ತಿ ಎಂದ. ಎಲೆಮರೆಯ ಕಾಯಿಯಂತಿದ್ದು ಕಂಪನಿಗೆ ಜ್ಞಾನ ಕೊಟ್ಟ, ಬಿಳಿಯರಲ್ಲದ ಒಬ್ಬರಿಗೆ. ತಾನೇ ಸಿಸ್ಟಮ್ಮಿನಲ್ಲಿ ಹುಡುಕಿ ಪತ್ತೆಮಾಡಿದೆ ಎಂದ. "ನಮ್ಮ ಹೆಸರಾಂತ ಲೀಕ್ ಟೆಸ್ಟನ್ನು ಬರೆದ ಮಹಿಳೆ ಇಷ್ಟು ದಿನ ನಮ್ಮ ನಡುವೆಯೇ ಇದ್ದಾಳೆ! ಶಾಹಿದಾ!"

ಅಲ್ಲೇ ಹೇಳಬೇಕಿತ್ತು. ಇಡೀ ಕಟ್ಟಡ ಚಪ್ಪಾಳೆ ತಟ್ಟುತ್ತಿತ್ತು, ಗ್ರೆಗ್ ಶಿಳ್ಳೆ ಹಾಕುತ್ತಿದ್ದ. ಟೈಲರ್ ಗಾಜಿನ ಫಲಕವೊಂದನ್ನು ಕೈಗೆ ತುರುಕಿದ. ನಾನು ತೆಗೆದುಕೊಂಡೆ. "ಥ್ಯಾಂಕ್ ಯೂ" ಎಂದೂ ಹೇಳಿದೆ. ಬರ್ನಿಸ್ ನನ್ನ ಮುಂದೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು ಪಟ್ಟಿ ನೋಡಿ, "ಶಾಹಿದಾ, ಹಾಜರ್," ಎಂದು ಗುರುತು ಹಾಕಿಕೊಂಡು ಮುಂದಿನ ಹೆಸರು ಕೂಗಿದರು. ಕೆನ್ನೆಗೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಸಂಜೆ ಲಿವರ್‌ಮೋರಿನ ಮನೆಗೆ ಹೋದರೆ ಯಜಮಾನರು ಫಲಕವನ್ನು ಟಿವಿಯ ಪಕ್ಕ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಮಗಳು ಓದಿ, "ಅಮ್ಮೀ, ಡಿಡ್ ಯು ರೈಟ್ ದಿಸ್?" ಎಂದಳು. ಇಲ್ಲ ಎಂದೆ. "ದೆನ್ ಹೂ ಡಿಡ್?" ಎಂದಳು. ಅಷ್ಟೇ ಕೇಳಿದ್ದು ಅವಳು.

ಗುರುವಾರ ಬೆಳಗ್ಗೆ ಫಲಕ ಹಿಡಿದುಕೊಂಡು ಬೆಂಚಿನ ಹತ್ತಿರ ಹೋದೆ. "ಮಿಸ್ ಬರ್ನಿಸ್, ನನ್ನಿಂದ ತಪ್ಪಾಯ್ತು. ಇದು ನಿಮ್ಮದು."

"ಗಾಜನ್ನ ನಾನೇನು ಮಾಡಲಿ?" ಎಂದರು ಅವರು. ಮೊದಲ ಸಲ ಅವರ ಸ್ವರ ಏರಿತು. "ನಾನು ಹೆಸರು ಕೇಳಿದ್ದು ಗೋಡೆಗೆ ಹಾಕಿಸಿಕೊಳ್ಳೋಕೆ ಅಂದ್ಕೊಂಡೆಯಾ? ಒತ್ತಡ ಕೊಟ್ಟಮೇಲೆ ಹತ್ತು ನಿಮಿಷ ಕಾಯಬೇಕು ಅಂತ ನಾನು ಬರೆದಿದ್ದೆ. ಎರಡು ವರ್ಷದ ಹಿಂದೆ ಗ್ರೆಗ್ ಅದನ್ನ ಎರಡು ನಿಮಿಷ ಮಾಡಿದ. ಮಾಡೋ ಮುಂಚೆ ಸಿಸ್ಟಮ್ ಬರೆದವರನ್ನ ಕೇಳಿತು. ಬರೆದವರು ಒಪ್ಪಿದ್ದಾರೆ ಅಂತ ಅದರಲ್ಲಿದೆ. ಯಾರು ಬೇಬಿ ಅದು?"

ನಾನೇ. ಒಪ್ಪಿಗೆ ಕೇಳುವ ಅಂಥ ಕೋರಿಕೆಗಳು ದಿನಕ್ಕೆ ಮೂವತ್ತು ಬರುತ್ತಿದ್ದವು. ಕಾಫಿ ಕುಡಿಯುತ್ತ ಓಕೆ, ಓಕೆ ಎಂದು ಒತ್ತಿಕೊಂಡು ಹೋಗುತ್ತಿದ್ದೆ.

"ಈ ಬೆಂಚಿಂದ ಹೋದ ಒಂದೊಂದು ಪಂಪಿಗೂ ನಾನು ಹತ್ತು ನಿಮಿಷ ಕಾದಿದ್ದೀನಿ," ಎಂದರು ಬರ್ನಿಸ್. "ಸೋಮವಾರದಿಂದ ಇಲ್ಲಿ ಬೇರೆಯವರು ಕೂರ್ತಾರೆ. ಕಾಗದದಲ್ಲಿ ಎರಡು ಅಂತ ಇದ್ದರೆ ಎರಡೇ ಕಾಯ್ತಾರೆ. ಅವರದೇನು ತಪ್ಪು?"

ನಾನು ನೇರ ನನ್ನ ಟೇಬಲ್ಲಿಗೆ ಹೋಗಿ ತಪ್ಪಿನ ವರದಿ ಫಾರಂ ತೆರೆದು ನನ್ನ ಮೇಲೆ ನಾನೇ ದೂರು ದಾಖಲಿಸಿದೆ. ತಪ್ಪು ಏನು: ಹೆಸರು ಅಳಿಸಿದ್ದು, ಓದದೆ ಒಪ್ಪಿದ್ದು. ಮೂಲ ಕಾರಣ ಏನು ಎಂಬ ಚೌಕದಲ್ಲಿ ಸಾಧಾರಣವಾಗಿ ಜನ "ತರಬೇತಿಯ ಕೊರತೆ" ಎಂದು ಬರೆಯುತ್ತಾರೆ. ನಾನು "ಶಾಹಿದಾ" ಎಂದು ಬರೆದೆ.

ಗ್ರೆಗ್ ಕೆಂಪಾಗಿ ಓಡಿಬಂದ. "ಸೋಮವಾರ ಈ ದಾಖಲೆಗಳನ್ನೆಲ್ಲ ತಪಾಸಣೆ ಮಾಡೋಕೆ ಹೊರಗಿನ ಆಡಿಟರ್ ಬರ್ತಾನೆ! ಇದನ್ನ ತೆಗೆ. ಮಾರ್ಚಲ್ಲಿ ನೋಡೋಣ."

"ನಂಬರು ಬಿದ್ದಾಗಿದೆ ಗ್ರೆಗ್. ಇನ್ನು ಬ್ರಹ್ಮ ಬಂದರೂ ಅಳಿಸೋಕಾಗಲ್ಲ. ಆಡಿಟರ್ ಬಂದಾಗ ಸರಿಮಾಡದ ತಪ್ಪು ಇರಬೇಕಾ, ಸರಿಮಾಡಿದ ತಪ್ಪು ಇರಬೇಕಾ, ನೀವೇ ಹೇಳಿ."

ಅವನು ಕುರ್ಚಿಯಲ್ಲಿ ಕುಸಿದ. "ಸಹಿ ಇರೋ ಮೂಲ ಕಾಗದ ಇಲ್ಲದೆ ನಾನು ಒಪ್ಪೋ ಹಾಗಿಲ್ಲ."

ಅದೂ ನ್ಯಾಯವೇ. ಇಡೀ ಗುರುವಾರ ಹುಡುಕಿದೆ, ಶುಕ್ರವಾರ ಮಧ್ಯಾಹ್ನದವರೆಗೂ ಹುಡುಕಿದೆ. ಸುಧೀಂದ್ರ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಪೆಚ್ಚಾಗಿ, "ಮೊದಲೇ ಹೇಳಬಾರದಿತ್ತಾ ಮೇಡಂ, ಶಾಲಿನ ಬದಲು ಅದನ್ನೇ ಹುಡುಕ್ತಿದ್ವಲ್ಲ," ಎಂದು ನನ್ನ ಜೊತೆ ಪೆಟ್ಟಿಗೆಗಳನ್ನು ಇಳಿಸಿದರು. ಸಿಗಲಿಲ್ಲ. ಮೂರೂವರೆಗೆ ಸುಸ್ತಾಗಿ ಕಾಫಿಗೆಂದು ಪ್ಯಾಂಟ್ರಿಗೆ ಹೋದೆವು. ಸುಧೀಂದ್ರ ಲೋಟ ತೆಗೆದವರು ಹಾಗೇ ನಿಂತರು. "ಮೇಡಂ, ಈ ಶೆಲ್ಫಿಗೆ ಪೇಪರ್ ಹಾಸಿದ್ದು ಯಾರು?"

ನಾನೇ! ನಮ್ಮ ಅಮ್ಮೀ ಡಬ್ಬಿ ಇಡುವ ಶೆಲ್ಫಿಗೆಲ್ಲ ಹಳೇ ಪೇಪರ್ ಹಾಸದೆ ಬಿಡುತ್ತಿರಲಿಲ್ಲ. ಆ ಚಾಳಿ ಅಮೆರಿಕಕ್ಕೂ ಬಂದಿತ್ತು. ಕಂಪ್ಯೂಟರ್ ಬಂದಮೇಲೆ ರದ್ದಾದ ಕಾಗದದ ಪ್ರೊಸೀಜರುಗಳಲ್ಲಿ ಸಹಿಯಿದ್ದ ಮೂಲವನ್ನು ತೆಗೆದಿಟ್ಟು ಉಳಿದದ್ದನ್ನು ಚೂರು ಮಾಡುವ ಯಂತ್ರಕ್ಕೆ ಹಾಕಬೇಕಿತ್ತು, ಒಂದು ಪಕ್ಕ ಖಾಲಿಯಿದ್ದ ಅಷ್ಟು ಒಳ್ಳೆಯ ಕಾಗದ, ಮನಸ್ಸು ಬರಲಿಲ್ಲ. ಲೋಟಗಳನ್ನೆಲ್ಲ ಸಿಂಕಿಗೆ ಸುರಿದೆವು. ಮೂರನೇ ಶೆಲ್ಫಿನಲ್ಲಿ, ಕಾಫಿ ಕಲೆಯ ಉಂಗುರಗಳ ನಡುವೆ, ಬರ್ನಿಸ್ ಅವರ ಸಹಿ.

ಗ್ರೆಗ್ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ನಿಯಂತ್ರಿತ ದಾಖಲೆ. ಕಾಫಿ ಲೋಟದ ಕೆಳಗೆ."

"ಅದಕ್ಕೂ ನನ್ನ ಮೇಲೆ ಇನ್ನೊಂದು ವರದಿ ಬರೀತೀನಿ. ಮೊದಲು ಸಹಿ ಹಾಕಿ."

ನಾಲ್ಕು ಇಪ್ಪತ್ತಕ್ಕೆ ಹೊಸ ರಿವಿಷನ್ ಪರದೆಯ ಮೇಲೆ ಬಂತು. ಬರ್ನಿಸ್ ಕೋಟು ಹಾಕಿಕೊಂಡು ಬಂದರು. ಟೈಲರ್ ಕೇಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವರು ತಮ್ಮ ಹೆಸರಿನ ಕಡೆ ನೋಡಲೂ ಇಲ್ಲ. ಕುರ್ಚಿ ಎಳೆದುಕೊಂಡು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ಒಂದೊಂದೇ ಸಾಲು, ಬೆರಳಿಟ್ಟು. ಗಡಿಯಾರ ನೋಡಿ ನನ್ನ ಜೀವ ಹೋಗುತ್ತಿತ್ತು. ಎರಡು ನಿಮಿಷ ಎಂದಿದ್ದ ಕಡೆ ನಿಂತು, ಹತ್ತು ಮಾಡು ಎಂದರು. ಗ್ರೆಗ್ ಬಾಯಿ ತೆರೆದ.

"ಹೆಸರು ನನ್ನದಾದರೆ ಹತ್ತು," ಎಂದರು ಬರ್ನಿಸ್. "ಎರಡೇ ಇರಬೇಕು ಅಂದರೆ ನಿನ್ನ ಹೆಸರು ಹಾಕ್ಕೋ ಬೇಬಿ."

ಗ್ರೆಗ್ ಬಾಯಿ ಮುಚ್ಚಿದ. ಸೋಮವಾರದ ಆಡಿಟರ್ ನೆನಪಾಗಿರಬೇಕು. ಹತ್ತು ಎಂದು ಒತ್ತಿದೆ. ಸಿಸ್ಟಮ್ ಬದಲಾವಣೆಯ ಕಾರಣ ಕೇಳಿತು. ಬರ್ನಿಸ್ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಎರಡು ಬೆರಳಲ್ಲಿ ತಾವೇ ಟೈಪ್ ಮಾಡಿದರು. ಅವರ ಪಾಸ್‌ವರ್ಡ್, ಗ್ರೆಗ್‌ನದು, ನನ್ನದು. ನಾಲ್ಕು ಐವತ್ತೆರಡಕ್ಕೆ ಜಾರಿಯಾಯಿತು. ನಾನು ಅಳುತ್ತಿದ್ದೆ, ಅವರು ಕೇಕ್ ತಿನ್ನುತ್ತಿದ್ದರು.

ಎರಡು ವರದಿಗಳಿಗೆ ಶಿಕ್ಷೆಯಾಗಿ ಮೂರು ತಿಂಗಳು ನನ್ನ ಸೀಲು ಕಿತ್ತುಕೊಂಡರು, ಇನ್ನೂ ಕೆಲಸದಲ್ಲಿದ್ದ ಉಳಿದವರ ಹೆಸರುಗಳನ್ನೆಲ್ಲ ನನ್ನ ಕೈಯಲ್ಲೇ ಒಂದೊಂದಾಗಿ ಹುಡುಕಿ ಹಾಕಿಸಿದರು. ಕಾಲು ಗಂಟೆಗೆ ಒಂದು. ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ. ಗ್ರೆಗ್ ಹೋಗಿ ಬೇರೊಬ್ಬ ಬಂದ, ಅವನೂ ಹೋಗಿ ಇನ್ನೊಬ್ಬ ಬಂದ. ಬಂದವರೆಲ್ಲ ಒಂದಲ್ಲ ಒಂದು ದಿನ ಆ ಹತ್ತು ನಿಮಿಷ ಜಾಸ್ತಿಯಾಯಿತು, ಕಡಿಮೆ ಮಾಡೋಣ ಎಂದು ನನ್ನ ಟೇಬಲ್ಲಿಗೆ ಬಂದವರೇ. ಆಗಲಿ ಎಂದು ನಾನು ಫಾರಂ ತೆರೆದು ಅವರತ್ತ ತಿರುಗಿಸುತ್ತಿದ್ದೆ. ಬರೆದವರು ಕೆಲಸ ಬಿಟ್ಟಿದ್ದರೆ, ಅವರು ಕೊಟ್ಟ ಕಾರಣವನ್ನು ಓದಿ, ಅದು ಸುಳ್ಳೆಂದು ಕೆಳಗೆ ಸಹಿ ಹಾಕಿದರೆ ಮಾತ್ರ ಸಿಸ್ಟಮ್ ಮುಂದೆ ಬಿಡುತ್ತದೆ. ಒಬ್ಬರೂ ಸಹಿ ಹಾಕಲಿಲ್ಲ. ಅಲ್ಲಿರುವುದು ಒಂದೇ ಸಾಲು: "ಒಂಬತ್ತನೇ ನಿಮಿಷದಲ್ಲಿ ಸೋರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬರ್ನಿಸ್."